ಊರು ಬಿಡದವರ ರೋಮಿಂಗ್

ರೋಮಿಂಗ್ ಅಂದ್ರೆ ಊರು ಬಿಟ್ಟು ಹೋದವರಿಗೆ ಬೀಳುವ ಖರ್ಚು ಅಂತ ಎಲ್ಲರ ಲೆಕ್ಕ. ಬೆಂಗಳೂರಿನಿಂದ ಮುಂಬಯಿಗೆ ಹೋದವರಿಗೆ ಆ ಲೆಕ್ಕ ಸರಿ. ಆದರೆ ಆಳಂದ ತಾಲೂಕಿನ ಹಿರೋಳ್ಳಿಯಂಥ ಗಡಿ ಊರುಗಳಲ್ಲಿ ಹೊಲದ ಬದುವಿನ ಮೇಲೆ ಕೂತವನಿಗೂ ರೋಮಿಂಗ್ ಬೀಳುತ್ತಿತ್ತು. ಮನುಷ್ಯ ಇದ್ದಲ್ಲೇ ಇರುತ್ತಿದ್ದ, ಫೋನು ಮಾತ್ರ ಮಹಾರಾಷ್ಟ್ರಕ್ಕೆ ಹೋಗಿ ಬರುತ್ತಿತ್ತು. "ಕಾಕಾ, ನಿಮ್ ಫೋನ್ ಮಹಾರಾಷ್ಟ್ರ ಟವರ್ ಹಿಡದದ ನೋಡ್ರಿ" ಅಂತ ಹುಡುಗರು ಹೇಳಿದರೆ ದೊಡ್ಡವರು ಗಾಬರಿಯಾಗಿ ಫೋನ್ ಕಟ್ ಮಾಡುತ್ತಿದ್ದರು. ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಆವಾಗ ಅದು ರೊಕ್ಕದ ಮಾತು.

ಊರು ಎಲ್ಲಿದೆ ಅಂತ ಮೊದಲು ಹೇಳಬೇಕು. ಕಲಬುರಗಿಯಿಂದ ಆಳಂದ ದಾಟಿ ಪಶ್ಚಿಮಕ್ಕೆ ಹೋದರೆ ಹಿರೋಳ್ಳಿ. ಅದರಾಚೆ ಅಕ್ಕಲಕೋಟ ತಾಲೂಕಿನ ವಾಗ್ದರಿ, ಅದು ಸೋಲಾಪುರ ಜಿಲ್ಲೆ. ರಸ್ತೆಯ ಹೆಸರೇ ವಾಗ್ದರಿ–ರಿಬ್ಬನಪಲ್ಲಿ ಹೆದ್ದಾರಿ, ಅಂದರೆ ಮಹಾರಾಷ್ಟ್ರದ ಗಡಿಯಿಂದ ತೆಲಂಗಾಣದ ಗಡಿವರೆಗೆ. ಈ ಕಡೆಯವರು ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟೆಗೆ ಹೋಗ್ತಾರೆ, ಆ ಕಡೆಯವರು ದತ್ತಾತ್ರೇಯನಿಗೆ ಗಾಣಗಾಪುರಕ್ಕೂ ಲಾಡ್ಲೆ ಮಶಾಕರ ದರ್ಗಾಕ್ಕೆ ಆಳಂದಕ್ಕೂ ಬರ್ತಾರೆ. ಕನ್ನಡ, ಮರಾಠಿ ಎರಡೂ ಕಡೆ ನಡೀತದೆ. ಹೆಣ್ಣು ಕೊಡೋದು ತರೋದೂ ಎರಡೂ ಕಡೆ.

ಆದರೂ ಇಲ್ಲಿ ಗೆರೆ ಹಳೇದು. 1948ರವರೆಗೆ ಆಳಂದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಕ್ಕಲಕೋಟ ಭೋಸಲೆ ಮನೆತನದ ಸಣ್ಣ ಸಂಸ್ಥಾನ, ಮುಂಬಯಿ ಕಡೆಯದು. ನಿಜಾಮರಿಗೆ ಸ್ವಂತ ನಾಣ್ಯ ಇತ್ತು, ಅದು ಹಾಲಿ ಸಿಕ್ಕಾ. ಆ ಕಡೆ ನಡೆಯುತ್ತಿದ್ದದ್ದು ಬ್ರಿಟಿಷರ ಕಲ್ದಾರ ರೂಪಾಯಿ. ನೂರು ಕಲ್ದಾರಕ್ಕೆ ಸುಮಾರು 116 ಹಾಲಿ. ಸರಕು ದಾಟಿಸಿದರೆ ನಿಜಾಮರ ಸುಂಕದ ಇಲಾಖೆಗೆ ಕಟ್ಟಬೇಕು, ಅದಕ್ಕೆ ಕರೋಡಗಿರಿ ಅಂತಿದ್ದರು. ಒಂದೇ ಸಂತೆಗೆ ಹೋಗಿ ಬರೋದಕ್ಕೆ ಎರಡು ನಾಣ್ಯ, ನಡುವೆ ಒಂದು ನಾಕಾ. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು, ಅದು ಜಾರಿಗೆ ಬರಲಿಲ್ಲ. ಹೀಗೆ ಸಂಸ್ಥಾನಗಳ ಗಡಿ ರಾಜ್ಯಗಳ ಗಡಿಯಾಯಿತು.

ಫೋನು ಬಂದಾಗ ಇದೇ ಗೆರೆ ಅದಕ್ಕೂ ಅಂಟಿಕೊಂಡಿತು. ಲ್ಯಾಂಡ್‌ಲೈನ್ ಕಾಲದಲ್ಲಿ ಆಳಂದದ ಕೋಡ್ 08477, ಅಕ್ಕಲಕೋಟದ್ದು 02181. ಪಕ್ಕದ ತಾಲೂಕಿನ ಬೀಗರಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋಗಬೇಕು. ಮೊಬೈಲ್ ಬಂದ ಮೇಲೂ ಅದೇ ಕಥೆ. 1994ರ ರಾಷ್ಟ್ರೀಯ ಟೆಲಿಕಾಂ ನೀತಿಯ ನಂತರ ದೇಶವನ್ನು ಸರ್ಕಲ್‌ಗಳಾಗಿ ಹಂಚಿ ಲೈಸೆನ್ಸ್ ಕೊಟ್ಟರು. ಹೆಚ್ಚುಕಡಿಮೆ ರಾಜ್ಯದ ಗಡಿಯೇ ಸರ್ಕಲ್ಲಿನ ಗಡಿ. ಕರ್ನಾಟಕ ಒಂದು ಸರ್ಕಲ್, ಮುಂಬಯಿ ಬಿಟ್ಟು ಮಹಾರಾಷ್ಟ್ರ ಮತ್ತು ಗೋವಾ ಇನ್ನೊಂದು. ಶುರುವಿನಲ್ಲಿ ಕಂಪನಿಗಳೇ ಬೇರೆ ಬೇರೆ. ನಮ್ಮಲ್ಲಿ ಸ್ಪೈಸ್ ಮತ್ತು ಜೆಟಿಎಂ, ಅವರಲ್ಲಿ ಬಿಪಿಎಲ್ ಮತ್ತು ಬಿರ್ಲಾ ಎಟಿ ಅಂಡ್ ಟಿ. ಮುಂದೆ ಎರಡೂ ಕಡೆ ಒಂದೇ ಹೆಸರಿನ ಕಂಪನಿ ಬಂದರೂ ನೆಟ್‌ವರ್ಕ್ ಬೇರೆ ಅಂತಲೇ ಲೆಕ್ಕ. ಪ್ರತಿ ಟವರೂ ತನ್ನ ಗುರುತಿನ ನಂಬರನ್ನು ಸದಾ ಸಾರುತ್ತಿರುತ್ತದೆ. ಏರ್‌ಟೆಲ್ ಕರ್ನಾಟಕ 404-45, ಏರ್‌ಟೆಲ್ ಮಹಾರಾಷ್ಟ್ರ 404-90. ಬಿಎಸ್‌ಎನ್‌ಎಲ್ ಕರ್ನಾಟಕ 404-71, ಮಹಾರಾಷ್ಟ್ರ 404-66. ಮೊದಲಿನ 404 ಅಂದರೆ ಭಾರತ. ಸಿಮ್ ಒಳಗೆ ತನ್ನ ಮನೆಯ ನಂಬರ್ ಬರೆದಿರುತ್ತದೆ. ಟವರಿನ ನಂಬರಿಗೂ ಅದಕ್ಕೂ ತಾಳೆ ಆಗದಿದ್ದರೆ ರೋಮಿಂಗ್, ಅಷ್ಟೇ. ನೀವು ನಿಂತ ನೆಲ ಯಾವ ರಾಜ್ಯದ್ದು ಅಂತ ಫೋನಿಗೆ ಗೊತ್ತಿಲ್ಲ.

ರೇಡಿಯೋ ಅಲೆ ಗಡಿಕಲ್ಲು ನೋಡಿ ನಿಲ್ಲೋದಿಲ್ಲ. ಜಿಎಸ್ಎಂ ಟವರ್ ಸಾಮಾನ್ಯವಾಗಿ 35 ಕಿಲೋಮೀಟರ್ ದೂರದ ಫೋನನ್ನೂ ಮಾತಾಡಿಸಬಲ್ಲದು, ನಮ್ಮ ಬಯಲು ಸೀಮೆಯಲ್ಲಿ ಅಡ್ಡ ಬರುವ ಗುಡ್ಡಗಳೂ ಕಡಿಮೆ. ಆಟೋಮ್ಯಾಟಿಕ್‌ನಲ್ಲಿಟ್ಟ ಫೋನು ಮನೆಯ ನೆಟ್‌ವರ್ಕ್ ಸಿಗುವವರೆಗೆ ಅದನ್ನೇ ಹಿಡಿದಿರುತ್ತದೆ. ಅದು ತಪ್ಪಿತೋ, ಕರೆಂಟ್ ಹೋಗಿ ಟವರ್ ಬಂದಾಯಿತೋ, ಸಿಕ್ಕ ಪಕ್ಕದ ನೆಟ್‌ವರ್ಕ್ ಹಿಡಿಯುತ್ತದೆ. ತೊಂದರೆ ಇರೋದು ವಾಪಸ್ ಬರುವಾಗ. ಮನೆಯ ಟವರ್ ಮತ್ತೆ ಶುರುವಾದ ತಕ್ಷಣ ಫೋನು ತಿರುಗಿ ಬರೋದಿಲ್ಲ. ಬ್ಯಾಟರಿ ಉಳಿಸಲು ಅದು ಆಗಾಗ ಮಾತ್ರ ಹುಡುಕುತ್ತದೆ. ಎಷ್ಟು ಹೊತ್ತಿಗೊಮ್ಮೆ ಅನ್ನೋದು ಸಿಮ್‌ನಲ್ಲಿ ಬರೆದಿರುತ್ತದೆ, ಆರು ನಿಮಿಷದಿಂದ ಎಂಟು ಗಂಟೆವರೆಗೆ ಎಷ್ಟು ಬೇಕಾದರೂ ಇಡಬಹುದು. ಅಲ್ಲಿವರೆಗೆ ಬಂದ ಕರೆಗೆಲ್ಲ ರೋಮಿಂಗ್ ದರ.

ದರ ಎಷ್ಟು? 2003ರ ಮೇ 1ರಿಂದ ಊರಲ್ಲಿದ್ದಾಗ ಬರುವ ಕರೆ ಪುಕ್ಕಟೆ ಆಯಿತು. ಆದರೆ ರೋಮಿಂಗಿನಲ್ಲಿ ಬರುವ ಕರೆಗೆ ಎತ್ತಿದವರೇ ಕೊಡಬೇಕು. 2007ರ ಫೆಬ್ರವರಿಯಲ್ಲಿ ಟ್ರಾಯ್ ತಿಂಗಳ ರೋಮಿಂಗ್ ಬಾಡಿಗೆ ತೆಗೆದು ಮಿತಿ ಹಾಕಿತು. ಬರುವ ಕರೆಗೆ ನಿಮಿಷಕ್ಕೆ ಹೆಚ್ಚೆಂದರೆ 1.75 ರೂಪಾಯಿ, ಅಲ್ಲೇ ಲೋಕಲ್ ಮಾಡಿದರೆ 1.40, ಎಸ್‌ಟಿಡಿ 2.40. ಹತ್ತು ರೂಪಾಯಿ ಕರೆನ್ಸಿ ಹಾಕಿಸುವವರಿಗೆ ಇದು ಸಣ್ಣದಲ್ಲ. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮಗ ಊರಿಗೆ ಫೋನ್ ಮಾಡಿದ ಅಂತಿಟ್ಟುಕೊಳ್ಳಿ. ಅವನು ಅಲ್ಲಿ ರೋಮಿಂಗಿನಲ್ಲಿ, ಹಿರೋಳ್ಳಿಯಲ್ಲಿ ಮನೆಯಲ್ಲೇ ಕೂತ ಅವ್ವನೂ ರೋಮಿಂಗಿನಲ್ಲಿ. ಒಂದೇ ಮಾತಿಗೆ ಎರಡೂ ಕಡೆ ರೊಕ್ಕ ಕಡಿತ. ಮಿಸ್ ಕಾಲ್‌ಗೆ ಮಾತ್ರ ಎಲ್ಲೂ ಖರ್ಚಿಲ್ಲ. ಅದಕ್ಕೇ "ಮುಟ್ಟಿದೆ" ಅಂದರೆ ಒಂದು ಮಿಸ್ ಕಾಲ್, "ರೊಕ್ಕ ಹಾಕೀನಿ" ಅಂದರೆ ಎರಡು ಅಂತ ಮನೆಮನೆಯಲ್ಲಿ ಒಪ್ಪಂದ ಇರುತ್ತಿತ್ತು.

ಇದಕ್ಕೆ ಮದ್ದು ಫೋನಿನೊಳಗೇ ಇತ್ತು. 2003ರಲ್ಲಿ ಬಂದ ನೋಕಿಯಾ 1100ರಂಥ ಸೆಟ್‌ಗಳಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಫೋನ್ ಸೆಟ್ಟಿಂಗ್ಸ್, ಅಲ್ಲಿ ನೆಟ್‌ವರ್ಕ್ ಸೆಲೆಕ್ಷನ್. ಆಟೋಮ್ಯಾಟಿಕ್ ಬಿಟ್ಟು ಮ್ಯಾನುವಲ್ ಒತ್ತಿದರೆ ಸ್ವಲ್ಪ ಹೊತ್ತು ಹುಡುಕಿ ಪಟ್ಟಿ ತೋರಿಸುತ್ತಿತ್ತು. ನಮ್ಮ ಕಂಪನಿ ಆರಿಸಿದರೆ ಫೋನು ಮತ್ತೆ ಗಡಿ ದಾಟೋದಿಲ್ಲ. ಒಂದೇ ಹೆಸರು ಎರಡು ಸಲ ಬಂದರೆ ಫಜೀತಿ. ಕೆಲವು ಸೆಟ್‌ಗಳಲ್ಲಿ ಹೆಸರಿನ ಬದಲು ಬರೀ ಅಂಕೆ ಬರೋದು, ಆಗ 45 ನಮ್ಮದು, 90 ಅವರದು ಅಂತ ಬಾಯಿಪಾಠ ಇದ್ದವನೇ ಜಾಣ. ಇನ್ನೊಂದು ಉಪಾಯ ಸೆಲ್ ಇನ್ಫೋ ಡಿಸ್ಪ್ಲೇ ಆನ್ ಮಾಡೋದು, ಚಾನೆಲ್ 50. ಹಿಡಿದ ಟವರಿನ ಊರಿನ ಹೆಸರು ಪರದೆ ಮೇಲೆ ಬರುತ್ತಿತ್ತು. ಓದಲು ಬರುವವರು ಹೆಸರು ನೋಡಿಯೇ ಫೋನ್ ಎತ್ತಬೇಕೋ ಬೇಡವೋ ನಿರ್ಧರಿಸುತ್ತಿದ್ದರು.

ಮದ್ದಿಗೂ ಅಡ್ಡಪರಿಣಾಮ ಇತ್ತು. ಮ್ಯಾನುವಲ್‌ನಲ್ಲಿಟ್ಟ ಫೋನ್ ಜೇಬಿನಲ್ಲಿಟ್ಟುಕೊಂಡು ಸೋಲಾಪುರದ ಬಸ್ ಹತ್ತಿದವರಿಗೆ ಗಡಿ ದಾಟಿದ ಮೇಲೆ ಟವರೇ ಇಲ್ಲ. ಮನೆಯವರಿಗೆ ಫೋನ್ ಹತ್ತದು. ದುಡಿಯಲು ಹೊರಟವರು ಬುತ್ತಿ ಕಟ್ಟಿಕೊಂಡಂತೆ ಆಟೋಮ್ಯಾಟಿಕ್ ಮಾಡಿಕೊಂಡೂ ಹೋಗಬೇಕಿತ್ತು, ಬಂದ ಮೇಲೆ ಮತ್ತೆ ಮ್ಯಾನುವಲ್.

ಆಮೇಲೆ ದರ ಇಳಿಯುತ್ತ ಹೋಯಿತು. 2013ರ ಜುಲೈನಿಂದ ಬರುವ ಕರೆಯ ಮಿತಿ 75 ಪೈಸೆ, 2015ರ ಮೇ 1ರಿಂದ 45 ಪೈಸೆ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಬರುವ ಕರೆ ಪುಕ್ಕಟೆ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ದೇಶದೊಳಗಿನ ರೋಮಿಂಗ್ ದರವನ್ನು ಉಳಿದವರೂ ಕೈಬಿಟ್ಟರು. ಕಲ್ದಾರ, ಹಾಲಿಗಳ ಲೆಕ್ಕ ಹೋದಂತೆ ಇದೂ ಹೋಯಿತು.

ದರ ಹೋಯಿತು, ಗೆರೆ ಹೋಗಲಿಲ್ಲ. ಇವತ್ತಿಗೂ ಗಡಿಯ ಊರಲ್ಲಿ ಪರದೆ ಮೇಲೆ ಸಣ್ಣ "ಆರ್" ಅಕ್ಷರ ಬಂದು ನೆಟ್ ನಿಂತರೆ, ಫೋನಿನ ಡೇಟಾ ರೋಮಿಂಗ್ ಆನ್ ಇದೆಯಾ ನೋಡಿ. ದೇಶದೊಳಗೆ ಅದಕ್ಕೆ ಬೇರೆ ದುಡ್ಡಿಲ್ಲ ಅಂತ ಗೊತ್ತಿಲ್ಲದೆ ಎಷ್ಟೋ ಜನ ಹಳೇ ಹೆದರಿಕೆಯಿಂದ ಅದನ್ನು ಬಂದ್ ಮಾಡಿಟ್ಟಿರ್ತಾರೆ. ಇನ್ನೊಂದು ಇದಕ್ಕಿಂತ ದೊಡ್ಡದು. 108 ಅಥವಾ 112 ಒತ್ತಿದಾಗ ಕರೆ ಹೋಗೋದು ಫೋನು ಹಿಡಿದ ಟವರಿನ ಸರ್ಕಲ್ಲಿಗೆ. ಹಿರೋಳ್ಳಿಯಲ್ಲಿ ಹೆರಿಗೆ ನೋವು ಶುರುವಾಗಿ ಫೋನ್ ಮಾಡಿದರೆ ಎತ್ತಿದವರು ಮರಾಠಿಯಲ್ಲಿ ಮಾತಾಡಬಹುದು. ಗಾಬರಿಯಾಗಿ ಇಡಬೇಡಿ. ಮೊದಲು ರಾಜ್ಯ ಕರ್ನಾಟಕ, ಜಿಲ್ಲೆ ಕಲಬುರಗಿ, ತಾಲೂಕು ಆಳಂದ ಅಂತ ಹೇಳಿ. ಆಮೇಲೆ ಊರಿನ ಹೆಸರು ಹೇಳಿ. ಹತ್ತಲಿಲ್ಲ ಅಂದ್ರೆ ನೆಟ್‌ವರ್ಕ್ ಸೆಲೆಕ್ಷನ್‌ಗೆ ಹೋಗಿ ನಮ್ಮ ಟವರ್ ಆರಿಸಿ ಮತ್ತೆ ಒತ್ತಿ. ಆ ಮೆನು ಈಗಿನ ಫೋನಲ್ಲೂ ಇದೆ. ಮನೆಯಲ್ಲಿರುವ ದೊಡ್ಡವರಿಗೆ ಇವತ್ತೇ ತೋರಿಸಿಕೊಟ್ಟಿರಿ.