ಬೆಚ್ಚನೆಯ ನೆಲವೂ ಮನೆಯ ಇಂಧನವೆಚ್ಚವೂ: ರೋಣ, ನರಗುಂದ, ಗಜೇಂದ್ರಗಡ ಸೀಮೆಯನ್ನು ಕುರಿತ ಒಂದು ವಿಚಾರ

ನಮ್ಮ ದೇಶಚರಿತ್ರೆಯು ಅರಸರ ವಂಶಾವಳಿ, ದಂಡಯಾತ್ರೆ, ದಾನಧರ್ಮ ಇವುಗಳ ವರ್ಣನೆಯಿಂದ ತುಂಬಿರುವದು. ಆದರೆ ಆ ಅರಸರ ಪ್ರಜೆಗಳು ಒಲೆಯನ್ನು ಯಾವುದರಿಂದ ಹೊತ್ತಿಸಿದರು, ಸೊಡರಿಗೆ ಎಣ್ಣೆಯನ್ನು ಎಲ್ಲಿಂದ ತಂದರು, ಮಾಗಿಯ ಚಳಿಯನ್ನು ಹೇಗೆ ಕಳೆದರು, ಇದಕ್ಕೆಲ್ಲ ಅವರು ತೆತ್ತ ಬೆಲೆಯೇನು ಎಂಬ ಪ್ರಶ್ನೆಗಳನ್ನು ಎತ್ತಿದವರು ವಿರಳ. ಈಗ ನಗರಗಳ ಕೆಲವು ಮನೆಗಳಲ್ಲಿ ನೆಲಗಲ್ಲಿನ ಕೆಳಗೆ ವಿದ್ಯುತ್ತಿನ ತಂತಿಗಳನ್ನು ಹಾಸಿ ಕೋಣೆಯನ್ನು ಬೆಚ್ಚಗೆ ಮಾಡುವ ಪದ್ಧತಿಯು ಬಂದಿರುವದರಿಂದ, ಇದೇನು ಹೊಸತು, ಚರಕನಲ್ಲಿಯೇ ಇದು ಉಂಟೆಂದು ಅಭಿಮಾನಪಡುವವರನ್ನು ನಾನು ಕಂಡಿದ್ದೇನೆ. ನಮ್ಮ ಹಿರಿಯರಿಗೆ ಇದರ ಗಂಧವೇ ಇರಲಿಲ್ಲವೆಂದು ಅಲ್ಲಗಳೆಯುವವರನ್ನೂ ಕಂಡಿದ್ದೇನೆ. ಈ ಎರಡು ಮತಗಳನ್ನೂ ಗ್ರಂಥ, ಶಾಸನ, ಬಳಕೆ ಎಂಬ ಮೂರು ಪ್ರಮಾಣಗಳಿಂದ ಒರೆಗೆ ಹಚ್ಚುವದು ಈ ಲೇಖನದ ಉದ್ದೇಶ.

೧. ಗ್ರಂಥಪ್ರಮಾಣ

ಅಮರಸಿಂಹನು ತನ್ನ ಕೋಶದ ವೈಶ್ಯವರ್ಗದಲ್ಲಿ ಒಲೆಗೆ ಚುಲ್ಲಿ, ಅಶ್ಮಂತ ಮೊದಲಾದ ಹೆಸರುಗಳನ್ನು ಹೇಳಿ, ಅದರೊಡನೆಯೇ ಅಂಗಾರಧಾನಿಕಾ, ಅಂಗಾರಶಕಟೀ, ಹಸಂತೀ ಎಂಬ ಪರ್ಯಾಯಗಳನ್ನು ಕೊಟ್ಟಿರುವನು. ಇವು ಕೆಂಡದ ಪಾತ್ರೆಯ ಹೆಸರುಗಳು. ನಮ್ಮ ಭಾಷೆಯ ಅಗ್ಗಿಷ್ಟಿಕೆಯು ಅಗ್ನಿಷ್ಟಿಕಾ ಶಬ್ದದ ತದ್ಭವ. ಇಷ್ಟರಿಂದ ಕೆಂಡದ ಪಾತ್ರೆಯನ್ನು ಮನೆಯೊಳಗೆ ಇಟ್ಟುಕೊಳ್ಳುವ ವಾಡಿಕೆಯು ಹಳೆಯದೆಂದು ಸಿದ್ಧವಾಗುವದೇ ಹೊರತು, ನೆಲವನ್ನು ಕಾಯಿಸುವ ವಾಡಿಕೆಯು ಸಿದ್ಧವಾಗುವದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ೧೪ನೆಯ ಅಧ್ಯಾಯವು ಇದಕ್ಕಿಂತ ಹತ್ತಿರವಾದುದು. ಅಲ್ಲಿ ೧೩ ಬಗೆಯ ಅಗ್ನಿಸ್ವೇದಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಅಶ್ಮಘನವೆಂಬುದಕ್ಕೆ ಆಳುದ್ದದ ಕಲ್ಲಿನ ಹಾಸು ಬೇಕು; ವಾತಹರವಾದ ಕಟ್ಟಿಗೆಗಳಿಂದ ಅದನ್ನು ಕಾಯಿಸಿ, ಕೆಂಡವನ್ನೆಲ್ಲ ತೆಗೆದುಹಾಕಿ, ಬಿಸಿನೀರನ್ನು ಚಿಮುಕಿಸಿ, ಮೇಲೆ ಕಂಬಳಿಯನ್ನೋ ರೇಶಿಮೆಯ ವಸ್ತ್ರವನ್ನೋ ಹಾಸಿ ರೋಗಿಯನ್ನು ಮಲಗಿಸಬೇಕು. ಕಲ್ಲಿನ ಬದಲು ಸಮವಾದ, ಗಾಳಿಯಿಲ್ಲದ ನೆಲವನ್ನೇ ಹೀಗೆ ಕಾಯಿಸಿದರೆ ಅದು ಭೂಸ್ವೇದ. ಮಂಚದ ಕೆಳಗೆ ಕಿರಿದಾದ ಬಾಯಿಯ ಕುಳಿಯನ್ನು ತೋಡಿ ಹೊಗೆಯಿಲ್ಲದ ಕೆಂಡವನ್ನು ತುಂಬಿದರೆ ಅದು ಕರ್ಷೂಸ್ವೇದ. ಜೇಂತಾಕಕ್ಕಂತೂ ೧೬ ಅರತ್ನಿಯ ದುಂಡುಮನೆಯನ್ನು ಕಟ್ಟಿ, ನಡುವೆ ಆಳೆತ್ತರದ, ಸಣ್ಣ ತೂತುಗಳುಳ್ಳ ಮಣ್ಣಿನ ಕೆಂಡದ ಕಂಬವನ್ನು ನಿಲ್ಲಿಸಬೇಕು.

ಇಲ್ಲಿ ನೆಲವು ಕಾದುದು ನಿಜ. ಆದರೆ ಇದು ಚಿಕಿತ್ಸೆಯ ಪ್ರಕರಣವೆಂಬುದನ್ನು ಮರೆಯಲಾಗದು. ಮನೆವಾಳ್ತೆಗೆ ಸಂಬಂಧಿಸಿದ ಮಾತು ಋತುಚರ್ಯೆಯಲ್ಲಿ ದೊರೆಯುವದು. ಹೇಮಂತದಲ್ಲಿ ಬೆಚ್ಚನೆಯ ಭೂಮಿಗೃಹವನ್ನೂ ಗರ್ಭಗೃಹವನ್ನೂ ಸೇವಿಸಬೇಕೆಂದು ಚರಕನೂ, ಕೆಂಡದ ತಾಪದಿಂದ ಕಾದ ಒಳಮನೆ ನೆಲಮನೆಗಳಲ್ಲಿ ಇರುವವರಿಗೆ ಚಳಿಯ ದೋಷವು ತಟ್ಟದೆಂದು ವಾಗ್ಭಟನೂ ಹೇಳಿರುವರು. ಈ ಗರ್ಭಗೃಹವು ಗುಡಿಯ ಗರ್ಭಗುಡಿಯಲ್ಲ, ಮನೆಯ ಒಳಕೋಣೆ. ಆ ಶ್ಲೋಕಗಳನ್ನು ಪಾಠಹೇಳುವಾಗ ಒಂದು ವಿಷಯವನ್ನು ಗಮನಿಸಬೇಕು: ಅಭ್ಯಂಗ, ಮಾಂಸರಸ, ಉಣ್ಣೆಯ ಹಾಸಿಗೆ ಇವೆಲ್ಲವೂ ಆ ಚರ್ಯೆಯಲ್ಲಿ ಒಟ್ಟಿಗೆ ಬರುತ್ತವೆ. ಆದುದರಿಂದ ಅದು ಉಳ್ಳವರ ದಿನಚರಿ. ಅದರಿಂದ ಒಕ್ಕಲಿಗನ ಮನೆಯನ್ನು ಊಹಿಸುವದು ತಪ್ಪಾದೀತು.

೨. ಪರದೇಶದ ಸಾದೃಶ್ಯ

ಕಂಬಗಳ ಮೇಲೆ ನೆಲವನ್ನು ನಿಲ್ಲಿಸಿ, ಅದರ ಕೆಳಗೆ ಕುಲುಮೆಯ ಬಿಸಿಗಾಳಿಯನ್ನು ಹರಿಯಿಸುವ ಕ್ರಮವನ್ನು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮಿನ ವಿಟ್ರೂವಿಯಸನು ಸ್ನಾನಗೃಹಗಳ ಪ್ರಸ್ತಾಪದಲ್ಲಿ ವಿವರಿಸಿರುವನು. ಕೊರಿಯಾ ದೇಶದ ಒಂಡೋಲ್ ಎಂಬುದರಲ್ಲಿ ಅಡಿಗೆಯ ಒಲೆಯ ಹೊಗೆಯೇ ಮಲಗುವ ಕೋಣೆಯ ನೆಲಗಲ್ಲುಗಳ ಕೆಳಗೆ ಹಾದುಹೋಗುವದರಿಂದ, ಒಂದೇ ಸೌದೆಯಿಂದ ಅನ್ನವೂ ಬೇಯುವದು, ನೆಲವೂ ಕಾಯುವದು. ರೋಮಿನದು ಸೌದೆಯನ್ನು ನುಂಗುವ ವೈಭವ. ಕೊರಿಯಾದ್ದು ಗೃಹಿಣಿಯ ಮಿತವ್ಯಯ. ನಮ್ಮ ನಾಡಿನಲ್ಲಿ ಇಂಥ ಬಿಸಿಸ್ನಾನದ ವೈಭವವು ಸುಲ್ತಾನರ ಹಮ್ಮಾಮುಗಳೊಡನೆ ಬಂದಿತು. ಬೀದರ ಕೋಟೆಯ ಹಮ್ಮಾಮಿನ ಕಟ್ಟಡವೇ ಮುಂದೆ ವಸ್ತುಸಂಗ್ರಹಾಲಯವಾಯಿತು. ಅದೂ ಅರಮನೆಯ ಮಾತೇ.

೩. ಶಾಸನಪ್ರಮಾಣ

ಇನ್ನು ಪ್ರಕೃತ ಸೀಮೆಗೆ ಬರೋಣ. ಚಾಲುಕ್ಯರ ಕಾಲದಲ್ಲಿ ಸೂಡಿಯು ಕಿಸುಕಾಡು ಎಪ್ಪತ್ತಕ್ಕೂ, ನರೇಗಲ್ಲು ಬೆಳ್ವೊಲ ಮೂನೂರಕ್ಕೂ ಸೇರಿದ್ದವು. ೧೧ನೆಯ ಶತಮಾನದ ನಡುವೆ ಅಕ್ಕಾದೇವಿಯು ಕಿಸುಕಾಡನ್ನು ಆಳುತ್ತಿದ್ದಳು. ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಆಕೆ ವ್ಯವಸ್ಥೆಯನ್ನು ಪುನಃ ಕಲ್ಪಿಸಿಕೊಟ್ಟುದು ಪ್ರಸಿದ್ಧವಾಗಿದೆ. ಈ ಕಾಲದ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಪದ ನಂದಾದೀವಿಗೆ, ಎಂದರೆ ನಂದದ, ಆರದ ದೀಪ. ಅದನ್ನು ಉರಿಯಿಸಲು ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ತೆಲ್ಲಿಗರು ಬಿಟ್ಟರೆಂದೋ, ಇಟ್ಟ ಹೊನ್ನಿನ ಬಡ್ಡಿಯಿಂದ ಎಣ್ಣೆಯನ್ನು ನಡೆಯಿಸತಕ್ಕದ್ದೆಂದೋ ಕಟ್ಟಳೆ ಇರುತ್ತದೆ.

ಈ ಕಟ್ಟಳೆಯ ಒಳಮರ್ಮವನ್ನು ನಾವು ಸಾಕಷ್ಟು ಗ್ರಹಿಸಿಲ್ಲವೆಂದು ನನಗೆ ತೋರುತ್ತದೆ. ದೀಪದ ಕಂಬವನ್ನು ನಿಲ್ಲಿಸುವದು ಒಮ್ಮೆಯ ವೆಚ್ಚ. ಅದನ್ನು ಉರಿಯಿಸುವದು ದಿನದಿನದ ವೆಚ್ಚ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ದಾನವು ಮೂರೇ ದಿನದಲ್ಲಿ ಆರಿಹೋಗುವದೆಂಬುದು ಆ ದಾನಿಗಳಿಗೆ ತಿಳಿದಿತ್ತು. ತಮಿಳುನಾಡಿನ ಚೋಳರ ಶಾಸನಗಳಲ್ಲಿ ಒಂದು ನಂದಾದೀಪಕ್ಕೆ ೯೬ ಕುರಿಗಳನ್ನು ಬಿಡುವ ರೂಢಿಯಿದ್ದು, ಅವನ್ನು ಸಾಯದ ಮುಪ್ಪಾಗದ ಕುರಿಗಳೆಂದು ಕರೆದಿರುವದೂ ಇದಕ್ಕಾಗಿಯೇ: ಕುರಿಯು ಸತ್ತರೂ ಲೆಕ್ಕವು ಸಾಯಕೂಡದು. ಹೀಗೆ ದೇವರ ದೀಪದ ವೆಚ್ಚವು ಕಲ್ಲಿನ ಮೇಲೆ ನಿಂತಿತು. ಆ ಎಣ್ಣೆಯನ್ನು ತೆತ್ತ ಗಾಣಿಗನ ಸ್ವಂತ ಮನೆಯ ಸೊಡರಿನ ವೆಚ್ಚವು ಎಲ್ಲಿಯೂ ದಾಖಲೆಯಾಗಲಿಲ್ಲ.

೪. ಬಳಕೆಯ ಪ್ರಮಾಣ

ಆ ದಾಖಲೆಯನ್ನು ಬಳಕೆಯಲ್ಲಿ ಹುಡುಕಬೇಕು. ರೋಣ, ನರಗುಂದಗಳ ಎರೆನೆಲವು ಹತ್ತಿ, ಜೋಳ, ಕುಸುಬೆಗಳಿಗೆ ತವರು. ಮರಕ್ಕೆ ಮಾತ್ರ ಬಡವು. ಗಜೇಂದ್ರಗಡದ ಕಡೆಗೆ ಗುಡ್ಡಗಳಿದ್ದರೂ ಬಯಲಿನ ಹಳ್ಳಿಗಳಿಗೆ ಕಾಡಿನ ಆಸರೆಯಿಲ್ಲ. ಆದುದರಿಂದ ಇಲ್ಲಿಯ ಒಲೆಗೆ ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಕುಳ್ಳು ಇವೇ ಗತಿಯಾದವು. ಸೊಡರಿಗೆ ಕುಸುಬೆಯ ಎಣ್ಣೆ. ಒಣಗಿದ ಸೆಗಣಿಗೆ ಕರೀಷವೆಂಬ ಪ್ರತ್ಯೇಕ ಶಬ್ದವನ್ನು ಅಮರನು ಕೊಟ್ಟಿರುವದರಿಂದ ಈ ಇಂಧನದ ಪ್ರಾಚೀನತೆಯು ಸ್ಪಷ್ಟ.

ಕುಳ್ಳಿಗೆ ಬೆಲೆಯಿಲ್ಲವೆಂದು ಹೇಳುವದುಂಟು. ಅದು ಸರಿಯಲ್ಲ. ಒಲೆಗೆ ಹೋದ ಸೆಗಣಿಯು ತಿಪ್ಪೆಗೆ ಹೋಗಲಾರದು. ಮನೆಯಲ್ಲಿ ಉರಿದುದು ಹೊಲಕ್ಕೆ ಗೊಬ್ಬರವಾಗಿ ಸಲ್ಲಬೇಕಾದುದು. ಸೆಗಣಿಯನ್ನು ಹೆಕ್ಕಿ, ತಟ್ಟಿ, ಒಣಗಿಸಿ, ಒಟ್ಟಿ ಮಳೆಗೆ ಮುನ್ನ ಹೊದಿಸುವ ಹೆಣ್ಣುಮಕ್ಕಳ ದುಡಿಮೆಯು ಎರಡನೆಯ ಬೆಲೆ. ಹೊಗೆಯಿಂದ ಕೆಟ್ಟ ಅವರ ಕಣ್ಣು ಮೂರನೆಯ ಬೆಲೆ. ತೆರೆದ ಒಲೆಯಲ್ಲಿ ಉರಿದ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಸೇರುವದರಿಂದ ಈ ಮೂರು ಬೆಲೆಗಳೂ ಹೆಚ್ಚಾದವು. ಮನುವು ಗೃಹಸ್ಥನ ಐದು ಸೂನೆಗಳಲ್ಲಿ, ಎಂದರೆ ಹಿಂಸೆಯ ತಾಣಗಳಲ್ಲಿ, ಒಲೆಯನ್ನೇ ಮೊದಲು ಎಣಿಸಿ ಪಂಚಮಹಾಯಜ್ಞಗಳನ್ನು ಪ್ರಾಯಶ್ಚಿತ್ತವಾಗಿ ವಿಧಿಸಿರುವನು. ಒಲೆ ಹೊತ್ತಿಸುವದು ಋಣವನ್ನು ಹೊರುವದೆಂಬ ಭಾವನೆಯು ಅಲ್ಲಿಯೇ ಇದೆ. ಆದರೆ ಒಲೆಯ ಮುಂದೆ ಕುಳಿತವಳಿಗೆ ಸಲ್ಲಬೇಕಾದ ಋಣವನ್ನು ಯಾವ ಸ್ಮೃತಿಯೂ ಲೆಕ್ಕಹಾಕಿದಂತೆ ಕಾಣೆನು.

೫. ಇಂದಿನ ಲೆಕ್ಕ

ಸೀಮೆಯೆಣ್ಣೆಯು ಬಂದ ಮೇಲೆ ದೀಪದ ವೆಚ್ಚವು ಮನೆಯ ಹೊಲವನ್ನು ಬಿಟ್ಟು ಅಂಗಡಿಯ ಪಾಲಾಯಿತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಯ ಮನೆಗಳಿಗೆ ಅದು ತಲುಪಲು ಬಹುಕಾಲ ಹಿಡಿಯಿತು. ಈಗ ವೆಚ್ಚವನ್ನು ಅಳೆಯುವ ಸೊಲ್ಲಗೆಯೆಂದರೆ ಯುನಿಟ್ಟು. ಚದರ ಮೀಟರಿಗೆ ೧೦೦ ವಾಟಿನಂತೆ ೧೦ ಚದರ ಮೀಟರಿನ ಕೋಣೆಯ ನೆಲವನ್ನು ದಿನಕ್ಕೆ ೬ ತಾಸು ಕಾಯಿಸಿದರೆ ೬ ಯುನಿಟ್ಟು, ೩೦ ದಿನಕ್ಕೆ ೧೮೦ ಯುನಿಟ್ಟು ಆಗುವದು. ೨೦೨೩ರಲ್ಲಿ ಕರ್ನಾಟಕ ಸರಕಾರವು ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ಇಡೀ ಮನೆಗೆ ವಿಧಿಸಿದ ತಿಂಗಳ ಪರಮಾವಧಿಯೇ ೨೦೦ ಯುನಿಟ್ಟು. ಒಂದು ಕೋಣೆಯ ನೆಲದ ಬಿಸಿಯೂ ಒಂದು ಸಂಸಾರದ ಸಮಸ್ತ ದೀಪ, ಯಂತ್ರಗಳ ಮೇರೆಯೂ ಹೆಚ್ಚುಕಡಿಮೆ ಸಮವೆಂದ ಮೇಲೆ, ಚರಕನ ಕಾಲದಂತೆ ಈಗಲೂ ಇದು ಉಳ್ಳವರ ಸುಖವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಸೌಕರ್ಯವನ್ನು ಕಟ್ಟುವ ವೆಚ್ಚ ಒಂದು, ನಡೆಯಿಸುವ ವೆಚ್ಚ ಇನ್ನೊಂದು, ತೆರತಕ್ಕವರು ಯಾರೆಂಬುದು ಮೂರನೆಯದು. ಈ ಮೂರನೆಯ ಪ್ರಶ್ನೆಯ ಕಟುತ್ವವನ್ನು ನರಗುಂದವು ಬಲ್ಲದು: ಮಲಪ್ರಭೆಯ ಕಾಲುವೆಯ ಸಂಬಂಧದ ಕರಭಾರವನ್ನು ಪ್ರತಿಭಟಿಸಿದ ೧೯೮೦ರ ರೈತರ ಬಂಡಾಯವು ಅಲ್ಲಿಯೂ ನವಲಗುಂದದಲ್ಲಿಯೂ ರಕ್ತಪಾತಕ್ಕೆ ಎಡೆಯಾಯಿತು.

೬. ಉಪಸಂಹಾರ

ಇದರಿಂದ ಫಲಿತವಾದುದಿಷ್ಟು. ನೆಲವನ್ನು ಕಾಯಿಸುವ ಯುಕ್ತಿಯು ನಮ್ಮ ವೈದ್ಯರಿಗೆ ತಿಳಿದಿತ್ತು. ಅದು ಮನೆಮನೆಯ ಬಳಕೆಯಾಗಿತ್ತೆನ್ನಲು ಆಧಾರವಿಲ್ಲ. ಬೆಳ್ವೊಲದ ಮನೆಯು ಮಣ್ಣಿನ ಗೋಡೆ, ಕಂಬಳಿ, ಒಲೆಯ ಬದಿಯ ಬಿಸಿ ಇವುಗಳಿಂದಲೇ ಮಾಗಿಯನ್ನು ಗೆದ್ದಿತು. ಇಲ್ಲದ ವೈಭವವನ್ನು ಹಿರಿಯರಿಗೆ ಆರೋಪಿಸುವದಕ್ಕಿಂತ, ಅವರು ನಿಜವಾಗಿ ಹೊತ್ತ ಭಾರವನ್ನು ಅರಿಯುವದೇ ಅವರಿಗೆ ಸಲ್ಲುವ ಗೌರವ. ಶಾಸನಗಳನ್ನು ಓದುವವರು ದಾನಿಯ ಬಿರುದುಗಳೊಡನೆ ಎಣ್ಣೆಯ ಅಳತೆಯನ್ನೂ ಬರೆದುಕೊಳ್ಳಲಿ. ಉಪಾಧ್ಯಾಯರು ಊರಿನ ಮುದುಕಿಯರಿಂದ ಒಲೆ, ಕುಳ್ಳು, ಬೂದಿಗಳಿಗೆ ಸಂಬಂಧಿಸಿದ ಮಾತುಗಳನ್ನು ಸಂಗ್ರಹಿಸಲಿ. ಅನಿಲದ ಒಲೆಯು ಬಂದಿರುವ ಈ ಕಾಲದಲ್ಲಿ ಆ ಮಾತುಗಳು ಆ ಮುದುಕಿಯರೊಡನೆಯೇ ಹೋಗಲಿರುವವು. ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯ ಯಂತ್ರಗಳು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತಿವೆ. ಗಾಳಿಗೆ ಬೆಲೆಯಿಲ್ಲ, ದೀಪಕ್ಕೆ ಇದೆ. ನಂದಾದೀವಿಗೆಯ ದಾನಿಗಳು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದ್ದರು. ಇಲ್ಲಿಯ ದೋಷಗಳನ್ನು ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.