ಬಲ್ಮಠದ ಅಣ್ಣತಮ್ಮನಂತಿರುವ ಅಕ್ರೊಪಾಂಗ್

ಮಂಗಳೂರಿಗೂ ಪಶ್ಚಿಮ ಆಫ್ರಿಕಕ್ಕೂ ಇಂದು ಇರುವ ನಂಟು ಗೇರುಬೀಜದ್ದು. ಇಲ್ಲಿಯ ಕಾರ್ಖಾನೆಗಳಿಗೆ ಸಾಲುವಷ್ಟು ಬೀಜ ಊರಿನಲ್ಲಿ ಬೆಳೆಯುವುದಿಲ್ಲ. ಐವರಿ ಕೋಸ್ಟ್, ಘಾನಾಗಳಿಂದ ಕಚ್ಚಾ ಬೀಜ ಹಡಗಿನಲ್ಲಿ ಬಂದಿಳಿಯುತ್ತದೆ. ಹೀಗೆ ವ್ಯಾಪಾರದ ನಿಮಿತ್ತ ಘಾನಾದ ರಾಜಧಾನಿ ಆಕ್ರಾಕ್ಕೆ ಹೋದವರಿಗೆ ಎರಡು ದಿನದ ಬಿಡುವು ಸಿಕ್ಕಿದರೆ ನೋಡತಕ್ಕ ಒಂದು ಊರಿದೆ. ಆಕ್ರಾದಿಂದ ಉತ್ತರಕ್ಕೆ ಸುಮಾರು 50-60 ಕಿಲೋಮೀಟರು, ಅಕ್ವಾಪಿಮ್ ಬೆಟ್ಟಸಾಲಿನ ನೆತ್ತಿಯ ಮೇಲೆ. ಹೆಸರು ಅಕ್ರೊಪಾಂಗ್. ಪ್ರವಾಸಿ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ಸಣ್ಣ ಊರು. ಆದರೆ ಬಲ್ಮಠ ಗುಡ್ಡವನ್ನು ಬಲ್ಲವರಿಗೆ ಅದು ಪೂರಾ ಪರಕೀಯವಲ್ಲ.

ಪ್ರಯಾಣದ ಮೊದಲ ತಯಾರಿ ಹಳದಿ ಜ್ವರದ ಚುಚ್ಚುಮದ್ದು. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಅದನ್ನು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಹೋದರೆ ಅಲ್ಲಿ ಒಳಗೆ ಬಿಡುವುದಿಲ್ಲ. ಮರಳಿ ಬಂದಾಗ ಇಲ್ಲಿಯೂ ಕೆಲವು ದಿನ ಪ್ರತ್ಯೇಕವಾಗಿ ಇರಿಸುತ್ತಾರೆ. ಮಲೇರಿಯಾದ ಮಾತ್ರೆಯೂ ಜೊತೆಯಲ್ಲಿರಬೇಕು. ಇದು ಬರಿಯ ಸರಕಾರಿ ಕಟ್ಟಳೆಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1828ರ ಕೊನೆಗೆ ನಾಲ್ವರು ತರುಣರನ್ನು ಆ ತೀರಕ್ಕೆ ಕಳುಹಿಸಿತು. ಒಂಬತ್ತು ತಿಂಗಳೊಳಗೆ ಮೂವರು ತೀರಿಕೊಂಡರು, ನಾಲ್ಕನೆಯವನು 1831ರಲ್ಲಿ. 1832ರಲ್ಲಿ ಹೋದ ಮೂವರಲ್ಲಿ ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನನ್ನು ಬದುಕಿಸಿದ್ದು ಅಲ್ಲಿಯ ನಾಟಿವೈದ್ಯನ ಮದ್ದು. ಕರಾವಳಿ ಬಿಟ್ಟು ತಂಪಾದ ಬೆಟ್ಟದೂರು ಹುಡುಕುತ್ತ ರೀಸ್ ಅಕ್ರೊಪಾಂಗ್ ಸೇರಿದ್ದು 1835ರಲ್ಲಿ.

ಅದಕ್ಕೆ ಕೆಲವೇ ತಿಂಗಳ ಮೊದಲು, 1834ರ ಅಕ್ಟೋಬರಿನಲ್ಲಿ, ಅದೇ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಿದ್ದರು. 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದಿತ್ತು. ಎರಡು ಊರುಗಳ ಕಥೆ ಆರಂಭವಾದದ್ದು ಹೀಗೆ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ.

ಅಕ್ರೊಪಾಂಗ್‌ನಲ್ಲಿ ಮೊದಲು ನೋಡಬೇಕಾದದ್ದು 1848ರಲ್ಲಿ ಆರಂಭವಾದ ಶಿಕ್ಷಕರ ಕಾಲೇಜು. ಅದರ ಹತ್ತಿರದ ನೆನಪು ಯೊಹಾನ್ ಕ್ರಿಸ್ಟಾಲರ್‌ನದು. ಕನ್ನಡಿಗರಿಗೆ ಕಿಟ್ಟೆಲ್ ಹೇಗೋ ಅಲ್ಲಿಯ ತ್ವಿ ಭಾಷೆಯವರಿಗೆ ಕ್ರಿಸ್ಟಾಲರ್ ಹಾಗೆ. ಇದು ಕೇವಲ ಹೋಲಿಕೆಯ ಮಾತಲ್ಲ. ಇಬ್ಬರೂ ಬಾಸೆಲಿನ ಒಂದೇ ಶಾಲೆಯಲ್ಲಿ 1850ರ ಆಸುಪಾಸಿನಲ್ಲಿ ಕಲಿಯುತ್ತಿದ್ದವರು. 1853ರಲ್ಲಿ ಒಬ್ಬ ಕರ್ನಾಟಕಕ್ಕೆ ಬಂದ, ಇನ್ನೊಬ್ಬ ಆಫ್ರಿಕ ತಲುಪಿದ. ಕ್ರಿಸ್ಟಾಲರ್ 1875ರಲ್ಲಿ ತ್ವಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು ಹೊರತಂದ. ಸುಮಾರು 70,000 ಶಬ್ದಗಳ ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿತ್ತು. ಕನ್ನಡಕ್ಕೆ ಸಾವಿರ ವರ್ಷ ಮೀರಿದ ಬರವಣಿಗೆಯಿತ್ತು, ಕೇಶಿರಾಜನ ವ್ಯಾಕರಣವಿತ್ತು. ಕಿಟ್ಟೆಲ್ ಓದುತ್ತ ಹೋದ. ತ್ವಿಗೆ ಅಂಥ ಗ್ರಂಥರಾಶಿ ಇರಲಿಲ್ಲ. ಕ್ರಿಸ್ಟಾಲರ್ ಕೇಳುತ್ತ ಹೋದ. ಗಾದೆಗಳೇ ಅವನ ಗ್ರಂಥ.

ಹೊರಗಿನವರ ಹೆಸರನ್ನಷ್ಟೇ ಹೇಳಿ ಬಿಡುವುದು ನ್ಯಾಯವಲ್ಲ. ತ್ವಿ ಬೈಬಲಿನ ಕೆಲಸದಲ್ಲಿ ಕ್ರಿಸ್ಟಾಲರ್‌ಗೆ ಜೊತೆಯಾದ ಡೇವಿಡ್ ಅಸಾಂಟೆ ಅಕ್ರೊಪಾಂಗ್‌ನ ಅರಸು ಮನೆತನದ ನಂಟಿನವನು. 1857ರಲ್ಲಿ ಬಾಸೆಲಿಗೆ ಹೋಗಿ 1862ರವರೆಗೆ ಕಲಿತು ಬಂದವನು. ಮಂಗಳೂರಿನ ಆನಂದರಾವ್ ಕೌಂಡಿನ್ಯ ಅವನಿಗಿಂತಲೂ ಮೊದಲಿನವರು. ಸಾರಸ್ವತ ಮನೆತನದ ಈ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕೆರಳಿತ್ತು. ಕೈಹಿಡಿದ ಹೆಂಡತಿ ಜೊತೆಗೆ ಬರಲಿಲ್ಲ. 1846ರಲ್ಲಿ ಮೊಗ್ಲಿಂಗರೊಂದಿಗೆ ಬಾಸೆಲಿಗೆ ಹೋದ ಅವರು 1851ರಲ್ಲಿ ಪಾದ್ರಿಯಾದರು. ಮನೆ, ಬಂಧುಬಳಗ, ಪಾಲಿಗೆ ಬರಬೇಕಾದ ಆಸ್ತಿ, ಎಲ್ಲವನ್ನೂ ಪಣಕ್ಕಿಟ್ಟ ಇಂಥವರು ಎರಡೂ ಕಡೆ ಇದ್ದರು. ನಿಘಂಟಿನ ಮುಖಪುಟದಲ್ಲಿ ಅವರ ಹೆಸರು ಇರುವುದಿಲ್ಲ, ಅಷ್ಟೆ.

ಆಸ್ತಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಕ್ರೊಪಾಂಗ್‌ನ ಅಕಾನ್ ಜನರದು ತಾಯಿಯ ಬಳಿಯ ಸಂತಾನ. ಅಲ್ಲಿ ಅರಸನ ಪೀಠ ಮಗನಿಗೆ ಹೋಗುವುದಿಲ್ಲ, ತಾಯಿಯ ಕಡೆಯವರಿಗೆ ಹೋಗುತ್ತದೆ. ಹಾಗಾಗಿ ಅಲ್ಲಿಯ ಸೋದರಮಾವ-ಅಳಿಯಂದಿರ ಲೆಕ್ಕಾಚಾರವನ್ನು ಬೇರೆ ಯಾವ ಪ್ರವಾಸಿಗಿಂತಲೂ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲವರು ತುಳುನಾಡಿನವರು. ಹೆಂಡತಿ ಮಕ್ಕಳಿಗೆ ಆಸ್ತಿ ಸಲ್ಲಬೇಕೆಂಬ ಮಿಷನರಿಗಳ ಉಪದೇಶ ಎರಡೂ ಕಡೆ ಊರ ಕಟ್ಟಿನೊಡನೆ ತಿಕ್ಕಾಡಿತು. ಇಲ್ಲಿ ಅಳಿಯಸಂತಾನದ ಕಟ್ಟು ಸಡಿಲವಾದದ್ದು 1949ರ ಮದ್ರಾಸ್ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳಿಂದ. ಘಾನಾದಲ್ಲಿ ಉಯಿಲು ಬರೆಯದೆ ತೀರಿಕೊಂಡವನ ಹೆಂಡತಿ ಮಕ್ಕಳಿಗೆ ಗಟ್ಟಿಯಾದ ಪಾಲು ದೊರೆತದ್ದು 1985ರ ಕಾಯ್ದೆಯಿಂದ.

ಮನೆಯಿಂದ ಹೊರಬಿದ್ದವರಿಗೆ ಮಂಗಳೂರಿನಲ್ಲಿ ನೇಯ್ಗೆಯ ಮಗ್ಗ, 1865ರ ನಂತರ ಜೆಪ್ಪುವಿನ ಹೆಂಚಿನ ಕಾರ್ಖಾನೆ ಅನ್ನ ಕೊಟ್ಟವು. ಅಲ್ಲಿಯ ಚರಿತ್ರೆ ಬೆಳೆದದ್ದು ಕೊಕೊ ಮರದ ಸುತ್ತ. ಅಕ್ರೊಪಾಂಗ್‌ಗೆ ಹೋಗುವ ದಾರಿಯಲ್ಲೇ ಇರುವ ಮಾಂಪಾಂಗ್‌ನಲ್ಲಿ ಟೆಟೆ ಕ್ವಾಶಿ ಎಂಬ ಕಮ್ಮಾರ 1879ರಲ್ಲಿ ನೆಟ್ಟ ಕೊಕೊ ತೋಟವನ್ನು ಇಳಿದು ನೋಡಬಹುದು. 1911ರ ಹೊತ್ತಿಗೆ ಕೊಕೊ ಬೆಳೆಯಲ್ಲಿ ಆ ದೇಶ ಜಗತ್ತಿಗೇ ಮೊದಲನೆಯದಾಗಿತ್ತು. 1890ರ ಅಬುರಿ ಸಸ್ಯೋದ್ಯಾನವೂ ಅದೇ ದಾರಿಯಲ್ಲಿದೆ.

ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹೋಗುವವರಿಗೆ ಒಡ್ವಿರಾ ಹಬ್ಬ ಸಿಗಬಹುದು. 1826ರಲ್ಲಿ ಅಶಾಂತಿ ಸೈನ್ಯವನ್ನು ಸೋಲಿಸಿದ ನೆನಪಿನ, ಹಿರಿಯರಿಗೆ ಎಡೆಯಿಡುವ ಒಂದು ವಾರದ ಹಬ್ಬ. ತಿಥಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ವಿಚಾರಿಸಿಕೊಂಡು ಹೋಗಬೇಕು. ಹಬ್ಬಕ್ಕೆ ಮುಂಚಿನ ಸುಮಾರು ಆರು ವಾರ ಊರಿನಲ್ಲಿ ಡೋಲು ಬಾರಿಸುವಂತಿಲ್ಲ. ಜೇಬಿನಲ್ಲಿಡಬೇಕಾದ ನಾಣ್ಯ ಸೆಡಿ. ಆ ಮಾತಿನ ಮೂಲಾರ್ಥ ಕವಡೆ. ನಮ್ಮ ಸಮುದ್ರದಾಚೆಯ ಮಾಲ್ದೀವಿನ ಕವಡೆಗಳು ಯುರೋಪಿನ ಹಡಗುಗಳಲ್ಲಿ ಆ ತೀರ ತಲುಪಿ ಗುಲಾಮರ ಬೆಲೆಯಾಗಿಯೂ ಸಂದಿದ್ದವು.

ಇನ್ನೊಂದು ತಯಾರಿಗೆ ಖರ್ಚಿಲ್ಲ. ಹುಟ್ಟಿದ ವಾರ ಯಾವುದೆಂದು ಮನೆಯ ಹಿರಿಯರಲ್ಲಿ ಕೇಳಿಕೊಂಡಿರಬೇಕು. ಹಿಂದೆ ತುಳುನಾಡಿನಲ್ಲಿ ಆದಿತ್ಯವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ, ಶನಿವಾರದವ ತನಿಯ ಆಗುತ್ತಿದ್ದನಷ್ಟೆ. ಅಕಾನರಲ್ಲಿ ಆದಿತ್ಯವಾರದವ ಕ್ವಾಸಿ, ಮಂಗಳವಾರದವ ಕ್ವಾಬೆನಾ, ಶುಕ್ರವಾರದವ ಕೋಫಿ, ಶನಿವಾರದವ ಕ್ವಾಮೆ. ಬಂದ ಅತಿಥಿಗೂ ಅವರು ಇದೇ ಲೆಕ್ಕದಲ್ಲಿ ಹೆಸರಿಡುವುದುಂಟು.