ಇಂಗ್ಲಿಷ್ ಅರ್ಜಿ ಮತ್ತು ಘೋಷಣೆಗಳಲ್ಲಿ ಸಾಮಾನ್ಯ ವರ್ತಮಾನಕಾಲ: ಅರ್ಜಿದಾರರಿಗೆ ಮಾಹಿತಿ

1963ರ ಕರ್ನಾಟಕ ರಾಜಭಾಷಾ ಅಧಿನಿಯಮದನ್ವಯ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದ್ದು, ರಾಜ್ಯ ಸರ್ಕಾರದ ಕಚೇರಿಗಳಿಗೆ ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಬಹುದಾಗಿದೆ. ಆದಾಗ್ಯೂ ಪಾಸ್‌ಪೋರ್ಟ್, ಬ್ಯಾಂಕ್ ಸಾಲ, ಹೊರರಾಜ್ಯದ ಉದ್ಯೋಗ ಮುಂತಾದ ಸಂದರ್ಭಗಳಲ್ಲಿ ಇಂಗ್ಲಿಷ್ ನಮೂನೆಗೆ ಸಹಿ ಮಾಡಬೇಕಾಗಿ ಬರುತ್ತದೆ. ಇಂತಹ ನಮೂನೆಗಳಲ್ಲಿನ ಘೋಷಣೆಗಳು ಬಹುಪಾಲು ಸಾಮಾನ್ಯ ವರ್ತಮಾನಕಾಲದಲ್ಲಿರುತ್ತವೆ. ಸಹಿ ಮಾಡುವವರು ಯಾವ ಮಾತಿಗೆ ಹೊಣೆಯಾಗುತ್ತಾರೆ ಎಂಬುದು ಈ ಕ್ರಿಯಾರೂಪವನ್ನು ಅವಲಂಬಿಸಿರುವುದರಿಂದ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಬಳಕೆ

ಹೆಸರಿನಲ್ಲಿ ವರ್ತಮಾನವೆಂದಿದ್ದರೂ ಈ ರೂಪವು ಈ ಕ್ಷಣದಲ್ಲಿ ನಡೆಯುತ್ತಿರುವ ಕೆಲಸವನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಸ್ಥಿರವಾದ ಸಂಗತಿ, ರೂಢಿ ಹಾಗೂ ಸ್ಥಿತಿಯನ್ನು ತಿಳಿಸುತ್ತದೆ. ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ವರದಾ ನದಿಯು ತುಂಗಭದ್ರೆಯನ್ನು ಸೇರುತ್ತದೆ. ಇದನ್ನು ಇಂಗ್ಲಿಷಿನಲ್ಲಿ 'ದಿ ವರದಾ ಜಾಯಿನ್ಸ್ ದಿ ತುಂಗಭದ್ರಾ' ಎನ್ನಬೇಕು. ಬೇಸಿಗೆಯಲ್ಲಿ ಹರಿವು ಕ್ಷೀಣಿಸಿದರೂ ವಾಕ್ಯ ಸತ್ಯವಾಗಿಯೇ ಉಳಿಯುತ್ತದೆ. 'ಈಸ್ ಜಾಯಿನಿಂಗ್' ಎಂದರೆ ಸೇರುವ ಕೆಲಸ ಈಗ ನಡೆಯುತ್ತಿದೆ ಎಂಬ ಅರ್ಥ ಬರುತ್ತದೆ.

ವಾಸಸ್ಥಳದ ಬಗ್ಗೆಯೂ ಇದೇ ನಿಯಮ ಅನ್ವಯಿಸುತ್ತದೆ. 'ಐ ಲಿವ್ ಇನ್ ಗಳಗನಾಥ' ಎಂಬುದು ಕಾಯಂ ವಾಸವನ್ನು ಸೂಚಿಸುತ್ತದೆ. 'ಐ ಆ್ಯಮ್ ಲಿವಿಂಗ್' ಎಂದು ಬರೆದಲ್ಲಿ ತಾತ್ಕಾಲಿಕ ವಾಸವೆಂದು ಭಾವಿಸಲು ಅವಕಾಶವಾಗುತ್ತದೆ. 'ನನಗೆ ಎರಡು ಎಕರೆ ಜಮೀನಿದೆ' ಎಂಬುದಕ್ಕೆ 'ಐ ಆ್ಯಮ್ ಹ್ಯಾವಿಂಗ್' ಎನ್ನುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದ್ದರೂ 'ಐ ಹ್ಯಾವ್' ಅಥವಾ 'ಐ ಓನ್' ಎಂಬುದೇ ಸರಿಯಾದ ಪ್ರಯೋಗ.

ಕನ್ನಡದ 'ಸಲ್ಲಿಸುತ್ತೇನೆ' ಎಂಬ ರೂಪ ರೂಢಿಗೂ ಸಲ್ಲುತ್ತದೆ, ಮುಂದೆ ಮಾಡುವ ಕೆಲಸಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಕಡಿಮೆ. ದಾಖಲೆಯನ್ನು ಮುಂದಿನ ತಿಂಗಳು ಕೊಡುವವರು 'ಐ ವಿಲ್ ಸಬ್‌ಮಿಟ್' ಎಂದೇ ಬರೆಯತಕ್ಕದ್ದು. 'ಐ ಸಬ್‌ಮಿಟ್' ಎಂದು ಬರೆದಲ್ಲಿ ದಾಖಲೆ ಅರ್ಜಿಯೊಂದಿಗೇ ಲಗತ್ತಾಗಿದೆಯೆಂದು ತಿಳಿದು ಸಿಬ್ಬಂದಿ ಅದನ್ನು ಹುಡುಕುವ ಸಂಭವವಿದೆ.

ರಚನೆ

ಕನ್ನಡದಲ್ಲಿ ಮಾಡುತ್ತೇನೆ, ಮಾಡುತ್ತೀರಿ, ಮಾಡುತ್ತಾಳೆ, ಮಾಡುತ್ತದೆ ಎಂದು ಕರ್ತೃವಿಗೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಬದಲಾವಣೆ ಒಂದೇ ಕಡೆ: ಪ್ರಥಮ ಪುರುಷ ಏಕವಚನದಲ್ಲಿ ಕ್ರಿಯಾಪದದ ಕೊನೆಗೆ 'ಎಸ್' ಅಕ್ಷರ ಸೇರುತ್ತದೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳ ಭೇದವಿಲ್ಲ.

ಕನ್ನಡಿಗರು ತಪ್ಪುವುದು ಗೌರವದ ಕಾರಣದಿಂದ. 'ನಮ್ಮ ತಂದೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುತ್ತಾರೆ' ಎಂಬಲ್ಲಿ ಒಬ್ಬರೇ ಇದ್ದರೂ ಕ್ರಿಯಾಪದ ಬಹುವಚನದಲ್ಲಿದೆ. ಅದೇ ಭಾವದಿಂದ 'ಮೈ ಫಾದರ್ ಸೆಲ್' ಎಂದು ಬರೆಯುವುದುಂಟು. 'ಮೈ ಫಾದರ್ ಸೆಲ್ಸ್' ಎಂದಿರಬೇಕು. ಇದರಿಂದ ಹಿರಿಯರಿಗೆ ಅಗೌರವವೇನೂ ಆಗದು.

'ಟೀಚ್', 'ಗೋ' ಮುಂತಾದವಕ್ಕೆ 'ಇ-ಎಸ್' ಸೇರುತ್ತದೆ. 'ಕ್ಯಾರಿ' ಪದದ ಕೊನೆಯ 'ವೈ' ಹೋಗಿ 'ಐ-ಇ-ಎಸ್' ಬರುತ್ತದೆ. 'ಪೇ' ಪದಕ್ಕೆ ಬರಿಯ 'ಎಸ್' ಸಾಕು. 'ಹ್ಯಾವ್' ಎಂಬುದು 'ಹ್ಯಾಸ್' ಆಗುತ್ತದೆ. 'ನಾನು ರೈತ' ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿಗೆ 'ಐ ಆ್ಯಮ್ ಎ ಫಾರ್ಮರ್' ಎಂದು 'ಆ್ಯಮ್' ಬೇಕು.

ನಿಷೇಧಕ್ಕೆ 'ಡೂ ನಾಟ್', ಪ್ರಥಮ ಪುರುಷ ಏಕವಚನಕ್ಕೆ 'ಡಸ್ ನಾಟ್' ಬಳಸಬೇಕು. 'ಎಸ್' ಅಕ್ಷರವು 'ಡಸ್' ಎಂಬುದರಲ್ಲಿಯೇ ಅಡಗಿರುವುದರಿಂದ 'ಡಸ್ ನಾಟ್ ಓನ್ಸ್' ಎಂಬುದು ತಪ್ಪು. ಪ್ರಶ್ನೆಯಲ್ಲಿಯೂ ಹಾಗೆಯೇ: 'ಡಸ್ ದಿ ಅಪ್ಲಿಕೆಂಟ್ ಓನ್ ಎ ಹೌಸ್?'

ಸಹಿಗೆ ಮುನ್ನ

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. 'ಐ ಡೂ ನಾಟ್ ಓನ್ ಎ ಹೌಸ್' ಎಂದರೆ ಸಹಿ ಮಾಡುವ ದಿನದಂದು ತಮ್ಮ ಹೆಸರಿನಲ್ಲಿ ಮನೆ ಇಲ್ಲ ಎಂದಷ್ಟೇ ಅರ್ಥ. 'ಐ ಹ್ಯಾವ್ ನೆವರ್ ಓನ್ಡ್ ಎ ಹೌಸ್' ಎಂದರೆ ಹಿಂದೆಂದೂ ಇರಲಿಲ್ಲ ಎಂದಾಗುತ್ತದೆ. ಕಳೆದ ವರ್ಷ ಮನೆ ಮಾರಿದವರು ಮೊದಲನೆಯದಕ್ಕೆ ಸತ್ಯವಾಗಿ ಸಹಿ ಮಾಡಬಹುದು. ಎರಡನೆಯದಕ್ಕೆ ಮಾಡಿದಲ್ಲಿ ಅದು ಸುಳ್ಳು ಘೋಷಣೆಯಾಗುತ್ತದೆ. ಕನ್ನಡದಲ್ಲಿ ಓದಿ ಹೇಳುವವರು ಎರಡನ್ನೂ 'ಮನೆ ಇಲ್ಲ' ಎಂದೇ ಹೇಳಿಬಿಡಬಹುದಾದ್ದರಿಂದ, 'ಈಗ ಇಲ್ಲವೇ, ಎಂದೂ ಇರಲಿಲ್ಲವೇ' ಎಂದು ಕೇಳಿ ತಿಳಿದುಕೊಳ್ಳುವುದು ಸೂಕ್ತ.

ನಮೂನೆಯ ಕೊನೆಯಲ್ಲಿ ಬರುವ 'ಐ ಹಿಯರ್‌ಬೈ ಡಿಕ್ಲೇರ್' ಎಂಬುದನ್ನು 'ಈ ಮೂಲಕ ಘೋಷಿಸುತ್ತೇನೆ' ಎಂದು ಅನುವಾದಿಸುವುದು ವಾಡಿಕೆ. ಮುಂದೆಂದೋ ಘೋಷಿಸುವುದಾಗಿ ಇದರ ಅರ್ಥವಲ್ಲ. ಸಹಿ ಬಿದ್ದೊಡನೆ ಘೋಷಣೆ ಮುಗಿದಿರುತ್ತದೆ. ಆದ್ದರಿಂದ ಖಾಲಿ ಬಿಟ್ಟ ಅಂಕಣಗಳಿರುವ ನಮೂನೆಗೆ, ನಂತರ ತುಂಬಿಸಿಕೊಳ್ಳುವ ಭರವಸೆಯ ಮೇಲೆ, ಸಹಿ ಮಾಡತಕ್ಕದ್ದಲ್ಲ.